ಮಟಮಟ ಮಧ್ಯಾಹ್ನದ ಚಂದ್ರ

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟನ್ನು ನಾನು ಕಣ್ಣಾರೆ ಕಂಡೆ, ಎಷ್ಟನ್ನು ಆಮೇಲೆ ಕೇಳಿ ನನ್ನದು ಮಾಡಿಕೊಂಡೆ ಎಂಬುದು ನನಗೆ ಗೊತ್ತಿಲ್ಲ. ತಲೆಯೊಳಗೆ ಒಂದು ಚಿತ್ರವಿದೆ. ಒಬ್ಬ ಹೆಂಗಸು ತಗಡಿನ ಟ್ರಂಕು ಹಿಡಿದು, ಒಂದು ಮರವೂ ಇಲ್ಲದ ರಸ್ತೆಯಲ್ಲಿ ನಮಗೆ ಬೆನ್ನು ಮಾಡಿ ನಡೆದು ಹೋಗುತ್ತಿದ್ದಾಳೆ. ಸುಡುವ ಬಿಸಿಲು. ಅವಳ ನೆರಳು ಅವಳ ಕಾಲ ಕೆಳಗೇ ಇದೆ, ಅಂದರೆ ಹೊತ್ತು ನೆತ್ತಿಯ ಮೇಲಿದೆ. ಆದರೂ ಬಲಗಡೆಯ ಆಕಾಶದಲ್ಲಿ ದುಂಡನೆಯ ಬಿಳಿ ಚಂದ್ರ. ಇದನ್ನು ಮಸ್ಕಿಯ ಟೆಂಟ್ ಸಿನಿಮಾದ ಪರದೆಯ ಮೇಲೆ ನೋಡಿದೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ವಿಶ್ವವಿದ್ಯಾಲಯದಲ್ಲಿ ಓದುವಾಗ ನಮ್ಮ ಮೇಷ್ಟ್ರೊಬ್ಬರು, ನೆನಪೆಂಬುದು ಪ್ರತಿಸಲ ಹೊರಗೆ ತೆಗೆದಾಗಲೂ ಸ್ವಲ್ಪ ಹೊಲಿಗೆ ಹಾಕಿಸಿಕೊಂಡೇ ಒಳಗೆ ಹೋಗುತ್ತದೆ ಎಂದು ಹೇಳಿದರು. ಅಂದು ಸಂಜೆಯೇ ನಾನು ಈ ಚಿತ್ರವನ್ನು ಸುಳ್ಳಿನ ಕಡೆ ಸೇರಿಸಿಬಿಟ್ಟೆ. ಮಟಮಟ ಮಧ್ಯಾಹ್ನ ಅಂಥ ಚಂದ್ರ ಇರುವುದಿಲ್ಲ. ಒಂದು ಸುಳ್ಳು ಸೇರಿದ ನೆನಪಿನಲ್ಲಿ ಉಳಿದದ್ದು ಮಾತ್ರ ನಿಜವೆಂದು ಹೇಗೆ ನಂಬುವುದು? ಬಹುಶಃ ಆ ಹೆಂಗಸು ಸಿನಿಮಾದವಳೇ ಅಲ್ಲ. ಲಿಂಗಸುಗೂರು ಬಸ್ಸಿಗೆ ಹೋಗುತ್ತಿದ್ದ ನಮ್ಮ ನೀಲಮ್ಮತ್ತಿಯ ಬೆನ್ನನ್ನೇ ನಾನು ಪರದೆಯ ಮೇಲೆ ಏರಿಸಿರಬಹುದು.

ನೀಲಮ್ಮತ್ತಿ ನನ್ನ ಅಪ್ಪನ ತಂಗಿ. ಮನೆಯಲ್ಲಿ ಅಮ್ಮ ಎಂದರೆ ಅಜ್ಜಿ; ಹೆತ್ತವಳು ಅವ್ವ. ಮಸ್ಕಿಯ ಗುಡ್ಡದ ಬೆನ್ನಿಗಿದ್ದ ಆ ಮಾಳಿಗೆ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ಎತ್ತುಗಳು, ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಕತ್ತಲೆಯ ಅಡುಗೆಮನೆ. ಮಾಳಿಗೆಯ ಗವಾಕ್ಷಿಯಿಂದ ಇಳಿದ ಬೆಳಕಿನ ಕೋಲು ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಒಲೆಯ ಮೇಲೆ ಬೀಳುತ್ತಿತ್ತು. ಕಾಲುವೆ ನೀರು ನಮ್ಮ ಹೊಲಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಪಡಸಾಲೆಯ ತುಂಬ ನೆಲ್ಲಿನ ಚೀಲಗಳು, ಚೀಲಗಳ ಮೇಲೆ ನಾವು ಮಕ್ಕಳು. ಅಪ್ಪ ಎರಡು ಹೊತ್ತೂ ಅನ್ನ ಕೇಳತೊಡಗಿದ್ದ. ಅಮ್ಮ ಜೋಳ ಬಿಟ್ಟಿರಲಿಲ್ಲ. ಈ ಜಗಳ ದಿನಾ ಇರುತ್ತಿತ್ತು.

"ಅನ್ನ ಉಂಡಾಂವ ಬಾಗಲ ತನಕ ಹೋಗಾದ್ರಾಗ ಹಸಿತಾನ," ಅನ್ನುತ್ತಿದ್ದಳು ಅಮ್ಮ.

"ನೀ ರೊಟ್ಟಿ ತಿಂದು ಎಲ್ಲಿತನಕ ಹೋಗಾಕಿ ಇದ್ದೀ, ಬಾಗಲ ತನಕಾನ ಅಲ್ಲ?" ಅನ್ನುತ್ತಿದ್ದ ಅಪ್ಪ.

ಅದು ನಿಜವಾಗಿತ್ತು. ಅಮ್ಮ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಆದರೆ ಅವಳಿಗೆ ಸಿನಿಮಾದ ಹುಚ್ಚಿತ್ತು. ಒಂದನ್ನೂ ನೋಡದೆ ಆ ಹುಚ್ಚು ಹೇಗೆ ಹಿಡಿಯಿತೆಂದು ಕೇಳಿದರೆ, ಅದಕ್ಕೆ ನಮ್ಮ ಮನೆಯ ಒಂದು ಪದ್ಧತಿ ಕಾರಣ. ಸುಗ್ಗಿ ಮುಗಿದ ಮೇಲೆ ಸಿಂಧನೂರು ರಸ್ತೆಯ ಬೀಳು ಹೊಲದಲ್ಲಿ ಟೆಂಟ್ ಬಂದು ನಿಲ್ಲುತ್ತಿತ್ತು. ಮನೆಯ ಹೆಂಗಸರಲ್ಲಿ ಒಬ್ಬಳಿಗೆ ಮಾತ್ರ ಹೋಗಲು ಅಪ್ಪಣೆ. ಅವಳು ನೋಡಿಬಂದು ಮರುದಿನ ರೊಟ್ಟಿ ಬಡಿಯುವಾಗ ಪೂರ್ತಿ ಕಥೆಯನ್ನು ಉಳಿದವರಿಗೆ ಹೇಳಬೇಕು. ಇದಕ್ಕೆ ಪಾಲು ತರುವುದು ಎನ್ನುತ್ತಿದ್ದರು.

"ಎಲ್ಲಾರೂ ಹೋಗಿ ಕುಂತರ ದನಕ್ಕ ಮೇವು ಯಾರು ಹಾಕಬೇಕು? ಒಬ್ಬಾಕಿ ಹೋಗ್ರಿ. ಎಲ್ಲಾರ ಪಾಲೂ ತರ್ರಿ," ಇದು ಅಮ್ಮನ ಕಾನೂನು.

ಅವ್ವ ತಂದ ಪಾಲು ಯಾರ ಹೊಟ್ಟೆಗೂ ಸಾಲುತ್ತಿರಲಿಲ್ಲ. ಸಾಲಗುಂದದ ತವರಿನಿಂದ ಅವಳು ಬಹಳಷ್ಟು ಹಾಡು ತಂದಿದ್ದಳು, ಕಥೆ ಹೇಳುವ ನಾಲಿಗೆಯನ್ನು ತಂದಿರಲಿಲ್ಲ. "ಒಬ್ಬಾಂವ ಇದ್ದ, ಆಕೀನ ಮೆಚ್ಚಿದ, ಜಗಳಾತು, ಕೂಡಿದ್ರು," ಅಂದು ಮುಗಿಸಿಬಿಡುತ್ತಿದ್ದಳು.

"ಇದಕ್ಕ ಟಿಕೀಟ್ ಯಾಕ ತಗೀಬೇಕಿತ್ತವಾ? ಇದು ನನಗ ಮನ್ಯಾಗ ಕುಂತ್ರೂ ಗೊತ್ತಿತ್ತು," ಅನ್ನುತ್ತಿದ್ದಳು ಅಮ್ಮ.

ನೀಲಮ್ಮತ್ತಿ ತಂದ ಪಾಲು ಹಾಗಲ್ಲ. ಅವಳು ಸೀರೆಯ ಅಂಚಿನಿಂದ ಶುರು ಮಾಡುತ್ತಿದ್ದಳು. ಯಾವ ಬಾಗಿಲಿನಿಂದ ಯಾರು ಬಂದರು, ಬಂದವರ ಕೈಯಲ್ಲಿ ಏನಿತ್ತು, ಮಾತು ಆಡುವ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿದ್ದರು, ಎಲ್ಲವನ್ನೂ ಹೇಳುತ್ತಿದ್ದಳು. ಹೇಳುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತೆಂದರೆ ಕಥೆಯಲ್ಲಿ ಏನೋ ಆಗಲಿದೆ ಎಂದು ನಾವು ತಿಳಿಯುತ್ತಿದ್ದೆವು. ಪಕ್ಕದ ಮನೆಯ ಹುಸೇನಬಿ ತನ್ನ ಒಲೆ ಆರಿಸಿ ನಮ್ಮ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂರುತ್ತಿದ್ದಳು. ತನಗೆ ಬೇಕಾದ ಹಾಗೆ ಕಥೆ ತಿರುಗಿಸುವ ಅಭ್ಯಾಸ ನೀಲಮ್ಮತ್ತಿಗಿರಲಿಲ್ಲ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನುತ್ತಿದ್ದಳು. "ನೀಲಿ ಹೇಳಿದ್ರ ಕಂಡಂಗ. ಇಲ್ಲದ್ದು ಹೇಳಾಕಿಲ್ಲ ಆಕಿ," ಎಂದು ಅಮ್ಮ ಓಣಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಅತ್ತಿ ಮದುವೆಯಾಗಿ ಗುರುಗುಂಟಾಕ್ಕೆ ಹೋದ ಮೇಲೆ ನಮ್ಮ ಮನೆಯವರಿಗೆ ಸಿನಿಮಾ ಕಾಣಿಸುವುದೇ ನಿಂತಂತಾಗಿತ್ತು.

ಹೋದ ಅತ್ತಿ ಮೂರನೆಯ ವರ್ಷ, ಸಜ್ಜೆ ರಾಶಿಯ ಹೊತ್ತಿಗೆ, ಒಬ್ಬಳೇ ತಿರುಗಿ ಬಂದಳು. ಅವಳ ಗಂಡನಿಗೆ ದೊಡ್ಡ ಕುರಿ ಹಿಂಡಿತ್ತು. ಆತ ಕುಡಿಯುವವನಲ್ಲ, ಬೈಯುವವನೂ ಅಲ್ಲ. ಆದ್ದರಿಂದ ಅತ್ತಿ ಹೇಳಿದ್ದು ಮೊದಲು ಯಾರಿಗೂ ಅರ್ಥವಾಗಲಿಲ್ಲ.

"ನನ್ನ ಕೂಡ ಮಾತಾಡಂಗಿಲ್ಲ ಯವ್ವ. ಹೇಳಾದೆಲ್ಲಾ ಕುರಿಗಿ ಹೇಳ್ತಾನ. 'ಇನ್ನಾ ನೀರು ಕಾಸಿಲ್ಲ ನೋಡಲೇ ಕರಿಯಾ' ಅಂತ ಹೋತಕ್ಕ ಹೇಳ್ತಾನ. ನಾ ಕೇಳಿಸ್ಕೊಂಡು ಕಾಸಬೇಕು."

ಅಪ್ಪ ನಕ್ಕುಬಿಟ್ಟ. "ಮಾತಾಡದಿದ್ರ ಪಾಡಾತಲ್ಲವಾ. ಈ ಮನ್ಯಾಗ ಮಾತು ಹೆಚ್ಚಾಗಿ ಸಾಯಾಕತ್ತೀವಿ."

"ಕೇಳಿಸ್ಕೊಳ್ಳದಿದ್ದ ದಿನ ಇದು," ಅಂದು ಅತ್ತಿ ಎಡಗೈಯ ಸೆರಗು ಸರಿಸಿದಳು. ಮೊಣಕೈಯ ಕೆಳಗೆ ರೊಟ್ಟಿ ಹಂಚಿನ ಅಂಚು ಕೂತ ಹಾಗೆ ಒಂದು ಬಾಗಿದ ಕಂದು ಗೆರೆ ಇತ್ತು. ಅಪ್ಪನ ನಗು ನಿಂತಿತು.

ಗುರುಗುಂಟಾದವರು ಹೇಳಿಕಳಿಸಿದ್ದು ಬೇರೆ. ಹುಡುಗಿಗೆ ಒಲೆಯ ಮುಂದೆ ಎಚ್ಚರವಿಲ್ಲ, ತಾನೇ ಸುಟ್ಟುಕೊಂಡಿದ್ದಾಳೆ, ಮಾತು ಕಡಿಮೆ ಇರುವ ಗಂಡನ ಮೇಲೆ ಕಥೆ ಕಟ್ಟುತ್ತಿದ್ದಾಳೆ. ನೋಡಿದವರು ಯಾರೂ ಇರಲಿಲ್ಲ. ಒಂದು ಕಡೆ ಅತ್ತಿಯ ಮಾತು, ಇನ್ನೊಂದು ಕಡೆ ಅವರ ಮಾತು. ಯುಗಾದಿಯಾದ ಮೇಲೆ ಅವರ ಕಡೆಯ ಹಿರಿಯರು ಬಂದು ಕೂತು ಫೈಸಲಾ ಮಾಡುವುದೆಂದು ಆಯಿತು. ಅಪ್ಪ ಎರಡು ಕಡೆಗೂ ತೂಗುತ್ತಿದ್ದ. ಅಮ್ಮ ತೂಗುತ್ತಿರಲಿಲ್ಲ. "ನೀಲಿ ಹೇಳ್ಯಾಳಂದ್ರ ಮುಗೀತು. ಹುಡುಗಿ ಇಲ್ಲೇ ಇರ್ತಾಳ, ಬರಲಿ ಅವರು," ಅಂದಿದ್ದಳು. ಅಡುಗೆಮನೆಯಲ್ಲಿ ಅತ್ತಿಯ ಹಳೆಯ ಮಣೆ ಮತ್ತೆ ಒಲೆಯ ಮುಂದೆ ಬಂದಿತ್ತು.

ಟೆಂಟ್ ಬಂದದ್ದು ಈ ನಡುವೆ. ಆ ಚಿತ್ರದ ಹೆಸರು ಇಲ್ಲಿ ಬೇಡ. ಮಾಡಿದವರೊಂದಿಗೆ ನನಗೇನೂ ತಕರಾರಿಲ್ಲ. ಹೆಂಗಸರು ಟ್ರಂಕು ಸಿನಿಮಾ ಎಂದೇ ಕರೆಯುತ್ತಿದ್ದರು. ಹೆಣ್ಣುಮಗಳು ಒಬ್ಬಳೇ ಹೋಗಬಾರದೆಂದು ಅತ್ತಿಯ ಜೊತೆಗೆ ನನ್ನನ್ನು ಕಳಿಸಿದರು. ಅಲ್ಲಿ ಮಷೀನು ಒಂದೇ ಇತ್ತು. ರೀಲು ಬದಲಿಸುವಾಗಲೆಲ್ಲ ಲೈಟು ಹಚ್ಚುತ್ತಿದ್ದರು, ಮಿರ್ಚಿ ಮಾರುವವನು ಒಳಗೆ ಬರುತ್ತಿದ್ದ, ಹೆಂಗಸರ ಕಡೆ ಮಕ್ಕಳು ಏಳುತ್ತಿದ್ದವು. ಇದು ನನಗೆ ನೆನಪಿದೆ ಎನ್ನುತ್ತೇನೆ, ಆದರೆ ನಾನು ಆಮೇಲೆ ಅದೇ ಟೆಂಟಿನಲ್ಲಿ ಬೇರೆ ಸಿನಿಮಾಗಳನ್ನೂ ನೋಡಿದ್ದೇನೆ. ಅವುಗಳ ಮಿರ್ಚಿಯ ವಾಸನೆ ಇದಕ್ಕೂ ಹತ್ತಿರಬಹುದು. ಆ ದಿನದ್ದೇ ಎಂದು ಹೇಳಬಹುದಾದದ್ದು ಒಂದೇ. ಕೊನೆಗೆ ಲೈಟು ಹಚ್ಚಿ ಎಲ್ಲರೂ ಎದ್ದಾಗ ಅತ್ತಿ ಏಳಲಿಲ್ಲ. ನಾನು ಅವಳ ಸೆರಗು ಜಗ್ಗಿದೆ.

ಮರುದಿನ ಸಂಜೆ ಒಲೆಯ ಮುಂದೆ ಪಾಲು ಹಂಚಿಕೆಯಾಯಿತು. ಹೊಸ್ತಿಲಲ್ಲಿ ಹುಸೇನಬಿ, ಕಂಬಕ್ಕೆ ಒರಗಿ ಅಮ್ಮ, ಹಿಟ್ಟು ನಾದುತ್ತ ಅವ್ವ. ಸೊಸೆಯಾಗಿ ಬಂದವಳನ್ನು ಅತ್ತೆ ಕಾಡುವುದು, ಗಂಡ ನೋಡಿಯೂ ನೋಡದಂತಿರುವುದು, ಕೊಟ್ಟಿಗೆಯಲ್ಲಿ ಅವಳು ಉಣ್ಣುವುದು. ಅತ್ತಿ ಹೇಳುತ್ತ ಹೋದ ಹಾಗೆ ರೊಟ್ಟಿಯ ಸದ್ದು ಮೆಲ್ಲಗಾಗಿ ನಿಂತಿತು.

"ಟ್ರಂಕ್ ಹಿಡಕೊಂಡು ಹೊರಗ ಬಂದಳು. ಆಕಿ ಅತ್ತಿ ಬಾಗಲಾಗ ನಿಂತಿದ್ಲು, ಕರೀಲಿಲ್ಲ. ಗಂಡ ಮ್ಯಾಲ ಕಿಡಕ್ಯಾಗ ನಿಂತಿದ್ದ, ಕರೀಲಿಲ್ಲ. ಈಕಿ ಹೊಳ್ಳಿ ನೋಡಲಿಲ್ಲ. ನಡದ್ಲು."

"ಆಮ್ಯಾಲ?" ಅಂದಳು ಅಮ್ಮ.

"ಅಷ್ಟ. ನಡದ್ಲು. ಲೈಟ್ ಹಚ್ಚಿದ್ರು."

"ಶುಭಂ ಬಂತೇನು?"

"ಇಲ್ಲ."

"ಹೋದಳಲ್ಲ, ಅದ ಬೇಕಾಗಿತ್ತು," ಹುಸೇನಬಿ ಉಸಿರು ಬಿಟ್ಟಳು. "ನನ್ನ ಜೀವ ಈಗ ಜರಾ ತಣ್ಣಗಾತು ನೋಡು."

"ಎಲ್ಲಿಗಿ ಹೋಗಬೇಕಕ್ಕ ಆಕಿ?" ಅವ್ವ ಹಿಟ್ಟಿನಿಂದ ಕೈ ತೆಗೆಯದೆ ಕೇಳಿದಳು. "ಹೊತ್ತು ಮುಣುಗಿದ ಮ್ಯಾಲ ಎಲ್ಲಿ ಮಲಗಬೇಕು?"

"ಅದನ್ನ ತೋರಿಸಬೇಕಿಲ್ಲೇನು?" ಅಮ್ಮ ರೇಗಿದಳು. "ಕರಕೊಂಡು ಹೋಗಿ ನಡುಹಾದ್ಯಾಗ ಬಿಟ್ಟು ಬರಾದು ಯಾ ಸೀಮಿ ಪದ್ಧತಿ? ಉಂಡಮ್ಯಾಲ ಕಡೀಕ ಮಜ್ಜಿಗಿ ಬೀಳದಿದ್ರ ತಾಟಿನ ಮುಂದಿಂದ ಏಳಾಕ ಮನಸ್ ಬರಂಗಿಲ್ಲ."

"ಉಪಾಸ ಇದ್ದಾಕಿಗಿ ಅಷ್ಟ ಸಾಕು ಯವ್ವ," ಅಂದಳು ಅತ್ತಿ. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

ಶುಭಂ ಬಂತೇನು ಎಂಬ ಆ ಪ್ರಶ್ನೆಯನ್ನೂ, ಇಲ್ಲ ಎಂಬ ಆ ಉತ್ತರವನ್ನೂ ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಕಥೆಯ ಕೊನೆಯನ್ನು ತಾನೇ ಕಟ್ಟಿದವಳಾಗಿದ್ದರೆ ಶುಭಂ ಅನ್ನೂ ಸೇರಿಸುತ್ತಿದ್ದಳಲ್ಲವೇ? ಅಮ್ಮನಿಗೆ ಅದು ಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಈ ವಾದ ನೀಲಮ್ಮತ್ತಿಗೆ ಎಷ್ಟು ಅನುಕೂಲವಾಗಿದೆ ಎಂದರೆ, ಅದಕ್ಕೋಸ್ಕರ ನಾನೇ ಆ ಪ್ರಶ್ನೋತ್ತರವನ್ನು ಸೃಷ್ಟಿಸಿಕೊಂಡೆನೇನೋ ಎಂಬ ಅನುಮಾನವೂ ಬರುತ್ತದೆ.

ಮಜ್ಜಿಗೆ ಬೀಳದ ಊಟ ಅಮ್ಮನಿಗೆ ಅರಗಲಿಲ್ಲ. ದಿನಗಟ್ಟಲೆ ಅದೇ ಮಾತು. ದನ ಕಟ್ಟುವಾಗ, ಅಕ್ಕಿ ಆರಿಸುವಾಗ, "ಆಕಿ ಎಲ್ಲಿಗಿ ಹೋಗಿರಬೇಕಲೇ?" ಎಂದು ಯಾರನ್ನೋ ಕೇಳಿದಂತೆ ಕೇಳುತ್ತಿದ್ದಳು. ಟೆಂಟ್ ಎತ್ತಿಕೊಂಡು ಹೋಗಿತ್ತು. ಅಷ್ಟರಲ್ಲಿ ಅದೇ ಚಿತ್ರ ಸಿಂಧನೂರಿನ ಟಾಕೀಸಿಗೆ ಬಂದಿದೆಯೆಂದು ಸುದ್ದಿ ಬಂತು. ಅಪ್ಪನಿಗೆ ಗೊಬ್ಬರ ತರಲು ಅಲ್ಲಿಗೆ ಹೋಗುವುದಿತ್ತು.

"ಹೆಂಗೂ ಹೋಗಾಕತ್ತೀ. ಕುಂತು ಕಡೀತನಕ ನೋಡಿ ಬಾ. ಆಕಿ ಏನಾದ್ಲು ಅಂತ ನನಗ ತಿಳೀಬೇಕು," ಅಂದಳು ಅಮ್ಮ.

"ನಾ ಗೊಬ್ಬರ ತರಲೋ, ಆಕೀನ ತರಲೋ?" ಅಂದ ಅಪ್ಪ. ಆದರೂ ಹೋದ.

ತಿರುಗಿ ಬಂದವನು ಅಂಗಿ ಗೂಟಕ್ಕೆ ಹಾಕಿ, ಒಂದು ತಂಬಿಗೆ ನೀರು ಕುಡಿದು, ಯಾರೂ ಕೇಳುವ ಮೊದಲೇ ಹೇಳತೊಡಗಿದ. ಅಪ್ಪ ಕಥೆ ಹೇಳಿದ್ದನ್ನು ನಾವು ಅದಕ್ಕಿಂತ ಮುಂಚೆ ಕೇಳಿರಲಿಲ್ಲ. ಚಿತ್ರ ಅವನಿಗೆ ಹಿಡಿಸಿಬಿಟ್ಟಿತ್ತು.

"ಹೋಗ್ತಾಳ, ಖರೆ. ಅಲ್ಲಿಗಿ ಮುಗಿಯಂಗಿಲ್ಲ. ಗಂಡಗ ಜ್ವರ ಬಂದು ಹಾಸಿಗಿ ಹಿಡೀತಾನ. ಈಕಿಗಿ ಸುದ್ದಿ ಹತ್ತುತ್ತೈತಿ. ಹೊಳ್ಳಿ ಓಡಿ ಬರ್ತಾಳ. ಅತ್ತಿ ಅಳಕೋಂತ ಸೊಸಿ ಕಾಲು ಹಿಡಿಯಾಕ ಬಗ್ಗಿದ್ರ ಈಕಿ ಬ್ಯಾಡ ಅಂತ ಎತ್ತಿ ಅಪ್ಪಿಕೊಂತಾಳ. ಗಂಡ ಎದ್ದು ಕುಂತು ಕುಂಕುಮ ಹಚ್ಚತಾನ. ಎಲ್ಲಾರೂ ಒಂದ ಕಡೆ ನಿಂತು ನಗತಾರ. ಆಗ ಶುಭಂ."

"ಇದು ಆತು ನೋಡು," ಅಂದಳು ಅಮ್ಮ. ಅವಳ ಮುಖ ನಿಜವಾಗಿಯೂ ಮಜ್ಜಿಗೆ ಕುಡಿದವರ ಮುಖದಂತಾಯಿತು. ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅವಳು ಅಡುಗೆಮನೆಯ ಕಡೆ ತಿರುಗಿದಳು. ಅತ್ತಿ ಹೊಸ್ತಿಲಲ್ಲಿ ನಿಂತಿದ್ದಳು.

"ನಾ ನೋಡಿದ್ದು ಅದಲ್ಲ," ಅಂದಳು ಅತ್ತಿ.

"ಹಂಗಾರ ಸಿಂಧನೂರಾಗ ಬ್ಯಾರೆ ಸಿನಿಮಾ ಬಿಟ್ಟಿದ್ರೇನು?" ಅಪ್ಪ ಕೇಳಿದ. "ಅದು ನಾಕ ಗ್ವಾಡಿ ಇರಾ ಟಾಕೀಸವಾ, ನಿಮ್ಮ ಡೇರೆ ಅಲ್ಲ."

"ನಾ ನೋಡಿದ್ದು ಹೇಳೀನಿ. ಲೈಟ್ ಹಚ್ಚಿದ್ರು."

ಅಮ್ಮ ಒಂದೇ ಮಾತಿಗೆ ತೀರ್ಪು ಕೊಡುವವಳಲ್ಲ. ಮೂಲೆಮನೆಯ ಟೀಚರಮ್ಮನನ್ನು ಕರೆಸಿದಳು. ಓದಿದವಳು, ಸುಳ್ಳು ಹೇಳಿ ಅವಳಿಗೇನೂ ಆಗಬೇಕಾಗಿರಲಿಲ್ಲ, ಮತ್ತು ಅವಳು ಚಿತ್ರ ನೋಡಿದ್ದು ಮಸ್ಕಿಯ ಅದೇ ಟೆಂಟಿನಲ್ಲಿ. "ಹೌದ್ರಿ, ಹೊಳ್ಳಿ ಬರ್ತಾಳ," ಅಂದಳು ಆಕೆ. "ನಾ ಮೊದಲನೇ ದಿನಾನ ನೋಡೀನಿ. ಆಕಿ ಅತ್ತಿ ಅಳಾದು ನೋಡಿ ನನಗೂ ಅಳು ಬಂತು." ನಮ್ಮ ನೀಲಮ್ಮತ್ತಿ ನೋಡಿದ್ದು ಮೊದಲನೆಯ ದಿನವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದರಿಂದೇನಾದರೂ ವ್ಯತ್ಯಾಸವಾದೀತೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಗದ್ದೆಗೆ ಕಳೆ ಕೀಳಲು ಬರುತ್ತಿದ್ದ ಹೆಂಗಸರಲ್ಲಿ ಅರ್ಧ ಜನ ಆ ಸಿನಿಮಾ ನೋಡಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಸಿನಿಮಾ ಎಂದರೆ ಮುದ್ರೆ ಒತ್ತಿದ ಕಾಗದದ ಹಾಗೆ, ಎಲ್ಲಿ ತೆಗೆದರೂ ಒಂದೇ ಬರಹ ಎಂದು ನಮ್ಮ ಮನೆ ನಂಬಿತ್ತು.

ಉಳಿದ ಸಾಕ್ಷಿ ನಾನೊಬ್ಬ. ಅಪ್ಪ ನನ್ನನ್ನು ನೆಲ್ಲಿನ ಚೀಲದ ಮೇಲಿಂದ ಇಳಿಸಿ ಮುಂದೆ ನಿಲ್ಲಿಸಿಕೊಂಡ.

"ನೀನೂ ಹೋಗಿದ್ದ್ಯಲ್ಲಲೇ. ಏನು ನೋಡಿದಿ, ಹೇಳು."

"ಆಕಿ ಹೋದ್ಲು. ಚಂದ್ರ ಇದ್ದ."

"ರಾತ್ರಿ ಹೋದ್ಲೇನು?"

"ಇಲ್ಲ. ಬಿಸಲಾಗ."

"ಬಿಸಲಾಗ ಚಂದ್ರ?"

"ಹೂಂ. ಬಿಳೀ ಚಂದ್ರ. ಬಂದ, ಹೋದ."

ಅಪ್ಪ ಟೀಚರಮ್ಮನ ಕಡೆ ನೋಡಿ ನಕ್ಕ. "ಅತ್ತಿ ಆಕೀನ ಹಾದಿಗಿ ಹಚ್ಚಿದಳು, ಅಳಿಯಾ ಆಕಿಗಿ ದೀಪಾ ಹಚ್ಚಿದ."

ಈ ಮಾತುಗಳು ನನಗೆ ನೇರವಾಗಿ ನೆನಪಿಲ್ಲ. ಮುಂದೆ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಯಾರಾದರೂ ನಂಬಲಾರದ್ದನ್ನು ಹೇಳಿದರೆ "ಬಿಸಲಾಗ ಚಂದ್ರ" ಅನ್ನುವುದು ರೂಢಿಯಾಗಿತ್ತು. ಅದರಿಂದಲೇ ನಾನು ಅಂದು ಏನು ಹೇಳಿದೆನೆಂಬುದು ಉಳಿದುಕೊಂಡಿದೆ. ನೇರವಾಗಿ ನೆನಪಿರುವುದು ಅಮ್ಮ ಆಮೇಲೆ ಕೇಳಿದ ಪ್ರಶ್ನೆ. ಅವಳು ಸಿಟ್ಟಾಗಿರಲಿಲ್ಲ. ದಣಿದಿದ್ದಳು.

"ಗುರುಗುಂಟಾದಾಗೂ ಹಿಂಗ ನಡುವ ಎದ್ದು ಬಂದಿಯೇನವಾ?"

ಇದಕ್ಕೆ ಅತ್ತಿ ಏನು ಉತ್ತರ ಕೊಡಬಹುದಿತ್ತು? ನಮ್ಮ ಮನೆಯಲ್ಲಿ ಅವಳಿಗಿದ್ದ ಆಸ್ತಿಯೆಂದರೆ ಅವಳ ಮಾತು. ನೀಲಿ ಹೇಳಿದರೆ ಕಂಡಂತೆ ಎಂಬ ಒಂದು ನಂಬಿಕೆಯ ಮೇಲೆ ಹೋತಕ್ಕೆ ಮಾತಾಡುವ ಗಂಡನೂ, ಕೈಯ ಮೇಲಿನ ಗೆರೆಯೂ ನಿಂತಿದ್ದವು. ಸಿನಿಮಾದ ಕೊನೆ ಜಾರಿದ ಕೂಡಲೇ ಎಲ್ಲವೂ ಒಟ್ಟಿಗೆ ಜಾರಿದವು. ಹಿರಿಯರು ಬಂದಾಗ ಪಡಸಾಲೆಯಲ್ಲಿ ಹೆಚ್ಚು ಮಾತೇ ಆಗಲಿಲ್ಲ. ಅವಳ ಗಂಡ ಬಂದಿದ್ದ. ಗೋಡೆಗೆ ಒರಗಿ, ತನ್ನ ಕಂಬಳಿಯ ಅಂಚು ಸವರುತ್ತ ಕೂತಿದ್ದ. ಅಪ್ಪ ಅವನಿಗೆ, "ಜರಾ ಮಾತಾಡ್ಸು ಮಾರಾಯಾ ಆಕೀನ," ಎಂದು ಸಲಿಗೆಯಿಂದ ಹೇಳಿದ. ಎಲ್ಲರೂ ನಕ್ಕರು. ಅವನೂ ನಕ್ಕ. ಅವ್ವ ಹೋಳಿಗೆ ಮಾಡಿದ್ದಳು. ಉಂಡ ಮೇಲೆ ಮಜ್ಜಿಗೆ ಬಂತು. ಅತ್ತಿ ಲಿಂಗಸುಗೂರು ಬಸ್ಸಿಗೆ ಗಂಡನ ಹಿಂದೆ ನಡೆದು ಹೋದಳು. ಅವಳ ಕೈಯಲ್ಲಿ ಟ್ರಂಕಿತ್ತೋ ಗಂಟಿತ್ತೋ ನಾನು ಪ್ರಮಾಣ ಮಾಡಿ ಹೇಳಲಾರೆ. ಹೊಳ್ಳಿ ನೋಡಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅವ್ವ ಆಗ ಒಳಗೆ ತಾಟು ತೊಳೆಯುತ್ತಿದ್ದಳೆಂದೂ ಅವಳೇ ಹೇಳುತ್ತಿದ್ದಳು.

ಆ ನಂತರ ಅತ್ತಿ ನಮ್ಮ ಮನೆಯಲ್ಲಿ ಕಥೆ ಹೇಳಲಿಲ್ಲ. ಪಂಚಮಿಗೆ ಬರುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಹುಸೇನಬಿ ಹೊಸ್ತಿಲಿಗೆ ಬಂದು ಕೂತು ಕಾಯುತ್ತಿದ್ದಳು. "ನೀವ ನೋಡಿ ಬರ್ರಿ ಅಕ್ಕಾ," ಅನ್ನುತ್ತಿದ್ದಳು ಅತ್ತಿ. ತೊಂಬತ್ತರ ಸುಮಾರಿಗೆ ಮನೆಗೆ ಟಿವಿ ಬಂತು. ಭಾನುವಾರದ ಸಿನಿಮಾಕ್ಕೆ ಓಣಿಯೇ ಪಡಸಾಲೆಯಲ್ಲಿ ಕೂರುತ್ತಿತ್ತು. ಪಾಲು ತರುವ ಪದ್ಧತಿ ತಾನಾಗಿಯೇ ಸತ್ತಿತು. ಅತ್ತಿ ಬಂದಾಗ ಅವಳೂ ಕೂತು ನೋಡುತ್ತಿದ್ದಳು. ಆದರೆ ಕೊನೆ ಹತ್ತಿರ ಬಂದಂತೆ ಎದ್ದು ದನದ ಕಡೆಗೋ ಒಲೆಯ ಕಡೆಗೋ ಹೋಗಿಬಿಡುತ್ತಿದ್ದಳು. "ಇನ್ನೇನು ಮುಗೀತೈತಿ, ಕುಂದರ್ ಬಾ," ಎಂದು ಅಮ್ಮ ಕರೆಯುತ್ತಿದ್ದಳು. ಅತ್ತಿ ಒಳಗಿನಿಂದಲೇ, "ನೀ ನೋಡು ಯವ್ವ, ನಿನಗ ಮಜ್ಜಿಗಿ ಬೇಕು," ಅನ್ನುತ್ತಿದ್ದಳು. ಅವಳ ಎಡಗೈಯಲ್ಲಿ ಹಳೆಯ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಬಂದಿತ್ತು. ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಆ ಮನೆಯಲ್ಲಿ ಬೆಳೆದದ್ದರಿಂದ ನನಗೆ ಬಂದ ಗುಣವೆಂದರೆ, ಇಬ್ಬರು ಒಂದೇ ಮಾತು ಹೇಳಿದರೆ ಅವರು ಯಾವ ಯಾವ ದಿನ ನೋಡಿದರು ಎಂದು ಕೇಳುವುದು. ಇದರಿಂದ ನನಗೆ ಸ್ನೇಹಿತರು ಹೆಚ್ಚಲಿಲ್ಲ. ನನ್ನ ಮಾತನ್ನೇ ನಾನು ಹಾಗೆ ಕೇಳುತ್ತೇನಾದ್ದರಿಂದ ನಿದ್ದೆಯೂ ಹೆಚ್ಚಲಿಲ್ಲ.

ಅಮ್ಮನೂ ಅಪ್ಪನೂ ಹೋಗಿ ಬಹಳ ಕಾಲವಾದ ಮೇಲೆ, ಲಿಂಗಸುಗೂರಿನ ಒಂದು ಮದುವೆಯಲ್ಲಿ, ಎಲೆ ಅಡಿಕೆ ಹಿಡಿದು ಕೂತಿದ್ದ ಮುದುಕಿಯೊಬ್ಬಳನ್ನು ತೋರಿಸಿ ಯಾರೋ ಹೇಳಿದರು, ಈಕೆ ಮೊದಲು ಟೆಂಟ್ ಸಿನಿಮಾದ ಜೊತೆ ಊರೂರು ತಿರುಗುತ್ತಿದ್ದಳು ಎಂದು. ರಾಜಮ್ಮ. ಆಂಧ್ರದ ಕಡೆಯವಳು, ಹೆಂಗಸರ ಗೇಟಿನಲ್ಲಿ ಟಿಕೀಟು ಹರಿಯುತ್ತಿದ್ದವಳು. ನಾನು ಕುರ್ಚಿ ಎಳೆದುಕೊಂಡು ಕೂತು, ಮಸ್ಕಿಯಲ್ಲಿ ಟ್ರಂಕು ಸಿನಿಮಾದ ಕೊನೆ ತೋರಿಸುತ್ತಿರಲಿಲ್ಲ ಅಲ್ಲವೇ ಎಂದು ಕೇಳಿದೆ.

"ಮಸ್ಕ್ಯಾಗಾ? ಟ್ರಂಕು ಸಿನಿಮಾನಾ?" ಅವಳು ಎಲೆ ಬಾಯಿಗಿಟ್ಟುಕೊಂಡಳು. "ಬಾಬು, ಅದರ ಕಡೀ ರೀಲ್ ಮೊದಲಿಗಿ ಬಿಟ್ಟಿವಿ. ಮಾಸ್ತರ ಮನಿಯವ್ರು, ಸಾವುಕಾರ ಮನಿಯವ್ರು ಖುಷಿಯಾದ್ರು. ಕೂಲಿ ಹೆಂಗಸ್ರು ಇದ್ರಲ್ಲ, ಅವ್ರು ಗೇಟಿನ್ಯಾಗ ನನ್ನ ಹಿಡಕೊಂಡು ಬೈದ್ರು. 'ಹೋದಾಕಿ ಯಾಕ ಬಂದ್ಲು? ಯಾರು ಕರದಿದ್ರು ಆಕೀನ?' ಅಂತ. ನಾ ಏನು ಮಾಡ್ಲಿ, ನಾನೇನು ಕರದಿದ್ನಾ? ಮರುದಿನ ಅರ್ಧ ಡೇರೆ ಖಾಲಿ. ಓನರಿಗಿ ಹೇಳಿದೆ. ಅವತ್ತಿಂದ ಆ ರೀಲ್ ಡಬ್ಬ್ಯಾಗ ಇಟ್ಟಿವಿ. ಟ್ರಂಕು ತಗಂಡು ಹೋದ್ಲಾ, ಮೂಲ್ಯಾಗ ಬಿಳೀ ಗುಂಡು ಬಂತಾ, ನಾ ಗೇಟು ತಗಿಯಾಕ ಏಳ್ತಿದ್ದೆ. ಲೈಟ್ ಹಾಕ್ತಿದ್ರು. ಡೇರೆ ಮತ್ತ ತುಂಬಿತು."

ನನಗೆ ಬೇಕಾದದ್ದೇ ಸಿಕ್ಕಿತ್ತು, ಅದರಿಂದಲೇ ನಾನು ನಂಬಲಿಲ್ಲ. ನಾನು ಪ್ರಶ್ನೆಯೊಳಗೇ ಉತ್ತರವಿಟ್ಟು ಕೇಳಿದ್ದೆ. ಮದುವೆಯ ಮನೆಯಲ್ಲಿ ಒಬ್ಬ ಅಪರಿಚಿತ ಅಷ್ಟು ಆಸೆಯಿಂದ ಕೇಳಿದರೆ ಯಾರಾದರೂ ಅವನಿಗೆ ಒಂದು ಕೊನೆ ಕಟ್ಟಿಕೊಟ್ಟಾರು. ಆದರೂ ಮರುದಿನವೇ ಗುರುಗುಂಟಾಕ್ಕೆ ಹೋದೆ. ಅತ್ತಿಯ ಗಂಡ ಆ ಹೊತ್ತಿಗೆ ತೀರಿಕೊಂಡಿದ್ದ. ಅವಳು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ನಾ ನೋಡಿದ್ದು ನನಗ ಗೊತ್ತಿತ್ತಲ್ಲಪಾ," ಅಂದಳು. "ನೀ ಯಾಕ ಇಷ್ಟು ತಿರುಗಿದಿ?"

"ಅಮ್ಮಗ ಗೊತ್ತಾಗಬೇಕಿತ್ತು ಅತ್ತಿ."

"ಆಕಿ ಹೋಗ್ಯಾಳ. ಈಗ ಯಾರಿಗಿ ಹೇಳ್ತಿ?"

ನಾನು ಕೇಳಿದೆ, "ಚಂದ್ರ ಇದ್ದನಾ ಅತ್ತಿ?"

ಅವಳು ಒಂದು ಕಾಯಿ ಒಡೆದು ಬೀಜ ನನ್ನ ಅಂಗೈಗೆ ಹಾಕಿದಳು. "ಚಂದ್ರಂದು ನನಗ ಗೊತ್ತಿಲ್ಲ. ನಾ ಆಕಿ ಕಾಲು ನೋಡಾಕತ್ತಿದ್ದೆ."

ತಿರುಗಿ ಬರುವ ಬಸ್ಸಿನಲ್ಲಿ ರಾಜಮ್ಮನ ಮಾತಿನೊಳಗಿನ ಒಂದು ಚೂರು ನನ್ನನ್ನು ಚುಚ್ಚತೊಡಗಿತು. ಮೂಲೆಯಲ್ಲಿ ಬಿಳಿ ಗುಂಡು. ಅದನ್ನು ನಾನು ಕೇಳಿರಲಿಲ್ಲ, ಅವಳಾಗಿಯೇ ಹೇಳಿದ್ದಳು. ರೀಲು ಮುಗಿಯುತ್ತ ಬಂದಿದೆಯೆಂದು ಮಷೀನಿನವನಿಗೆ ತಿಳಿಯಲು ಪ್ರತಿಯೊಂದು ರೀಲಿನ ಕೊನೆಗೆ ಪರದೆಯ ಮೇಲಿನ ಬಲಮೂಲೆಯಲ್ಲಿ ಒಂದು ದುಂಡು ಗುರುತು ಎರಡು ಸಲ ಬಂದು ಹೋಗುತ್ತಿತ್ತೆಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಆ ಚಿತ್ರವನ್ನು ಹುಡುಕಿದೆ. ಯಾರೋ ಹಳೆಯ ಪ್ರಿಂಟನ್ನು ಹಾಗೆಯೇ ಎತ್ತಿ, ಗೀರುಗಳನ್ನೂ ಒರೆಸದೆ ಇಂಟರ್ನೆಟ್ಟಿಗೆ ಹಾಕಿದ್ದರು. ಒಬ್ಬನೇ ಕೂತು ಮೊದಲಿನಿಂದ ನೋಡಿದೆ. ಗುರುತುಗಳು ಬರುತ್ತಿದ್ದವು: ಒಮ್ಮೆ ಗೋಡೆಯ ಮೇಲೆ, ಒಮ್ಮೆ ಅತ್ತೆಯ ಸೀರೆಯ ಮೇಲೆ, ಒಮ್ಮೆ ಕತ್ತಲೆಯ ಕೊಟ್ಟಿಗೆಯಲ್ಲಿ. ಹುಡುಗನ ಕಣ್ಣಿಗೆ ಅವು ಏನೂ ಆಗಿ ಕಂಡಿರಲಾರವು. ಕೊನೆಗೆ ಅವಳು ಟ್ರಂಕು ಹಿಡಿದು ಹೊರಬಂದಳು. ಬಾಗಿಲಲ್ಲಿ ಅತ್ತೆ, ಮೇಲೆ ಕಿಟಕಿಯಲ್ಲಿ ಗಂಡ. ಯಾರೂ ಕರೆಯಲಿಲ್ಲ. ಮರವಿಲ್ಲದ ರಸ್ತೆ, ನೆತ್ತಿಯ ಬಿಸಿಲು, ಕಾಲಡಿಯ ನೆರಳು. ಅವಳು ನಡೆಯುತ್ತಿರುವಾಗ ಬಲಗಡೆಯ ಖಾಲಿ ಆಕಾಶದಲ್ಲಿ ದುಂಡನೆಯ ಬಿಳಿ ಗುರುತು ಬಂತು, ಹೋಯಿತು. ಇನ್ನೂ ಕೆಲವು ಹೆಜ್ಜೆ ನಡೆದಳು. ಅದೇ ಜಾಗದಲ್ಲಿ ಮತ್ತೊಮ್ಮೆ ಬಂತು, ಹೋಯಿತು. ನಿಲ್ಲಿಸಿ, ಹಿಂದೆ ತಿರುಗಿಸಿ, ಮತ್ತೆ ನೋಡಿದೆ. ಆ ರೀಲು ಅಲ್ಲಿಗೇ ಮುಗಿಯುತ್ತದೆ.